ಭಕ್ತರ ಕಾಲು ಹಿಡಿಯುವ ಅಯ್ಯನೋರು

ಬೆಳಗಿನ ಐದೂ ಮುಕ್ಕಾಲು. ಉಮರಗಾ ಪಟ್ಟಣದ ಅಂಚಿನಲ್ಲಿ, ಹೆದ್ದಾರಿಗೆ ಮುಖ ಮಾಡಿ ನಿಂತ ನಲವತ್ತು ಹಾಸಿಗೆಯ ಒಂದು ಟ್ರಸ್ಟ್ ಆಸ್ಪತ್ರೆ. ಎಡಗಡೆಯ ಅಗಲವಾದ ಬಾಗಿಲ ಮೇಲೆ ಮರಾಠಿಯಲ್ಲಿ 'ಅಪಘಾತ ವಿಭಾಗ' ಎಂದು ಕೆಂಪಕ್ಷರದಲ್ಲಿ ಬರೆದಿದೆ. ಹಾಗೆಂದು ಕರೆಯುವವರು ಮಾತ್ರ ಯಾರೂ ಇಲ್ಲ. ರೈತರಿಂದ ಹಿಡಿದು ಡಾಕ್ಟರರ ತನಕ ಎಲ್ಲರ ಬಾಯಲ್ಲೂ ಅದು 'ಕ್ಯಾಜುಲ್ಟಿ'. ಒಳಗೆ ಮಡಿವಾಳಯ್ಯ ಸ್ವಾಮಿ ರಬ್ಬರಿನ ಚೀಲವೊಂದನ್ನು ತಮ್ಮ ಕೆನ್ನೆಗೆ ಹಿಡಿದು ಹಿಚುಕುತ್ತಿದ್ದಾರೆ. ಉಸಿರು ನಿಂತವರಿಗೆ ಕೈಯಿಂದ ಗಾಳಿ ಕೊಡುವ ಚೀಲ ಅದು. ಗಾಳಿ ಕೆನ್ನೆಗೆ ಬರೋಬ್ಬರಿ ಬಡಿದರೆ ಚೀಲ ಸರಿ ಇದೆ ಎಂದರ್ಥ. ಆಮೇಲೆ ಆಮ್ಲಜನಕದ ಸಿಲಿಂಡರಿನ ಚಾವಿ, ಗಂಟಲೊಳಗೆ ಬೆಳಕು ಬಿಡುವ ಉಪಕರಣದ ಬಲ್ಬು, ಕಫ ಎಳೆಯುವ ಯಂತ್ರ. ಒಂದೊಂದನ್ನೂ ಮುಟ್ಟಿ, ಒತ್ತಿ, ಕೇಳಿಸಿಕೊಂಡು ನೋಡುತ್ತಾರೆ.

ಡ್ಯೂಟಿ ಸುರುವಾಗುವುದು ಆರಕ್ಕೆ. ಯೆಣೆಗೂರಿನಿಂದ ಮೊದಲನೆಯ ಎಸ್ಟಿ ಬಸ್ಸು ಹಿಡಿದು ಐದೂವರೆಗೇ ಬಾ ಎಂದು ಅವರಿಗೆ ಯಾರೂ ಹೇಳಿಲ್ಲ. ಬಂದದ್ದನ್ನು ಕಂಡು ಶಹಭಾಸ್ ಅಂದವರೂ ಇಲ್ಲ. "ಚೀಲ ಹರದದ ಅಂತ ಪೇಶಂಟ್ ಬಂದ ಮ್ಯಾಲ ಗೊತ್ತಾದ್ರ ಏನ್ ಉಪಯೋಗ ರೀ" ಎನ್ನುತ್ತಾರೆ ಅವರು, ಅಷ್ಟೇ. ವಯಸ್ಸು ಐವತ್ಮೂರು. ನೀಲಿ ಅಂಗಿ, ಎದೆಯ ಮೇಲೆ 'ಸ್ಟಾಫ್ ನರ್ಸ್' ಎಂಬ ಬಿಲ್ಲೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಬಿಲ್ಲೆ ನೋಡಿದವರು 'ಬ್ರದರ್' ಎನ್ನುತ್ತಾರೆ, ವಿಭೂತಿ ನೋಡಿದವರು 'ಅಯ್ಯನೋರ' ಎನ್ನುತ್ತಾರೆ. ಇವರ ಇಪ್ಪತ್ತೇಳು ವರ್ಷದ ನೌಕರಿಯ ತಕ್ಲೀಫೆಲ್ಲ ಈ ಎರಡು ಹೆಸರಿನ ನಡುವೆಯೇ ಇದೆ.

ಜುಲೈ ತಿಂಗಳ ಆ ಬೆಳಗ್ಗೆ ಅವರು ಚೀಲವನ್ನು ಮೊಳೆಗೆ ತೂಗುಹಾಕುವ ಹೊತ್ತಿಗೆ ಗುಂಜೋಟಿಯ ಜೀಪೊಂದು ಬಾಗಿಲಿಗೆ ಬಂದು ನಿಲ್ಲುತ್ತದೆ. ಇಳಿದವರು ಕಲ್ಯಾಣಪ್ಪ, ಅರವತ್ತಾರು ದಾಟಿದ ರೈತ, ಹನ್ನೆರಡು ಎಕರೆ ಸೋಯಾ, ತೊಗರಿ ಬೆಳೆಯುವ ಆಸಾಮಿ. ಒಂದು ಕಡೆ ಹೆಂಡತಿ ಗುರಮ್ಮ, ಇನ್ನೊಂದು ಕಡೆ ಸೊಸೆ ಪ್ರಾಜಕ್ತಾ ಹಿಡಿದುಕೊಂಡಿದ್ದಾರೆ. ಮಡಿವಾಳಯ್ಯನವರು ಗಾಲಿಮಂಚ ತಳ್ಳಿಕೊಂಡು ಬಂದು ಅವರನ್ನು ಮೇಲಕ್ಕೆ ಹತ್ತಿಸುತ್ತಾರೆ. ಹತ್ತಿದ್ದೇ ತಡ, ಕಲ್ಯಾಣಪ್ಪ ಎರಡೂ ಕಾಲು ಮಡಚಿ ಧೋತರದೊಳಗೆ ಅಡಗಿಸಿಕೊಂಡು ಕೂತುಬಿಡುತ್ತಾರೆ.

"ಏನಾಗ್ಯಾದ ಕಾಕಾ?"

"ಹೊಟ್ಟಿ ಬ್ಯಾನಿ ರೀ ಅಯ್ಯನೋರ. ನಸುಕಿನ್ಯಾಗ ಸುರು ಆಗ್ಯಾದ. ನಿನ್ನಿ ಭಜಿ ತಿಂದಿದ್ದೆ, ಅದೇ ಇರಬೇಕು."

"ಎಲ್ಲಿ ಮಲಗಿದ್ರಿ?"

"ಪಡಸಾಲ್ಯಾಗ, ನೆಲದ ಮ್ಯಾಲ. ಸೆಕಿ ಭಾಳ ಇತ್ತಲ್ಲ."

"ಮ್ಯಾಲ ನೋಡ್ರಿ ಒಂದ್ಸಲ, ನನ್ನ ಬೆರಳ ಕಡಿ."

ಕಲ್ಯಾಣಪ್ಪ ಮೇಲೆ ನೋಡುತ್ತಾರೆ. ಬಲಗಣ್ಣಿನ ರೆಪ್ಪೆ ಅರ್ಧಕ್ಕೇ ನಿಲ್ಲುತ್ತದೆ. ನಿದ್ದೆಗಣ್ಣು ಅಂದುಕೊಳ್ಳಬೇಕು, ಹಾಗಿದೆ.

ಮಳೆಗಾಲ, ನೆಲದ ಮೇಲಿನ ಹಾಸಿಗೆ, ನಸುಕಿನ ಹೊಟ್ಟೆನೋವು, ಇಳಿಬಿದ್ದ ರೆಪ್ಪೆ. ಈ ನಾಲ್ಕೂ ಒಟ್ಟಿಗೆ ಬಂದರೆ ಈ ಸೀಮೆಯ ಯಾವ ನರ್ಸಿನ ತಲೆಗೂ ಮೊದಲು ಹೊಳೆಯುವುದು ಕಟ್ಟು ಹಾವು. ಇಲ್ಲಿಯವರ ಬಾಯಲ್ಲಿ ಮಣ್ಯಾರ. ಬೆಚ್ಚಗಿದೆ ಎಂದು ಹಾಸಿಗೆಯೊಳಗೆ ನುಸುಳಿ, ಮಲಗಿದವರು ಮಗ್ಗಲು ಬದಲಿಸಿದಾಗ ಕಡಿದು ಹೋಗುವ ಹಾವು ಅದು. ಬಾವು ಬರುವುದಿಲ್ಲ, ರಕ್ತ ಬರುವುದಿಲ್ಲ, ಎಷ್ಟೋ ಸಲ ಕಡಿಸಿಕೊಂಡವರಿಗೆ ಎಚ್ಚರವೂ ಆಗುವುದಿಲ್ಲ. ಮೊದಲು ಹೊಟ್ಟೆ, ಆಮೇಲೆ ಕಣ್ಣು, ಆಮೇಲೆ ನಾಲಿಗೆ, ಕಡೆಗೆ ಉಸಿರು. ಕಲ್ಯಾಣಪ್ಪನವರ ಕಣ್ಣಿನ ತನಕ ಅದು ಬಂದಾಗಿದೆ. ಇನ್ನು ಉಳಿದಿರುವುದು ಒಂದು ತಾಸೋ, ಅದಕ್ಕೂ ಕಡಿಮೆಯೋ.

"ಎಲ್ಲಾದ್ರೂ ಏನಾದ್ರೂ ಕಡದದ ಏನು ಕಾಕಾ? ಕಾಲ ತೋರಸ್ರಿ."

"ಏನೂ ಇಲ್ರಿ" ಎನ್ನುತ್ತಾರೆ ಕಲ್ಯಾಣಪ್ಪ. ಕಾಲು ಇನ್ನಷ್ಟು ಒಳಗೆ ಹೋಗುತ್ತದೆ. ಗುರಮ್ಮ ಗೋಡೆಯ ಕಡೆ ನೋಡುತ್ತಾರೆ.

ಯಾಕೆ ಹೀಗೆ ಎಂಬುದನ್ನು ಇಲ್ಲೇ ಬಿಡಿಸಿ ಹೇಳಿಬಿಡಬೇಕು. ಮಡಿವಾಳಯ್ಯನವರದು ಜಂಗಮರ ಮನೆ. ತಂದೆ ಸೋಮೇಶ್ವರಯ್ಯನವರಿಗೆ ಈಗ ಎಂಬತ್ನಾಲ್ಕು. ಯೆಣೆಗೂರು, ಗುಂಜೋಟಿಯ ಸುತ್ತಿನ ಎಷ್ಟೋ ಭಕ್ತರ ಮನೆಗಳಲ್ಲಿ ಹುಟ್ಟಿದರೆ ಲಿಂಗಧಾರಣೆ, ಸತ್ತರೆ ಮಂತ್ರ, ನಡುವೆ ಬರುವ ಮದುವೆ, ಗೃಹಪ್ರವೇಶ, ಶ್ರಾವಣದ ಪೂಜೆ, ಎಲ್ಲಕ್ಕೂ ಈ ಮನೆಯವರೇ ಬೇಕು. ಅಯ್ಯನೋರು ಅಂಗಳಕ್ಕೆ ಬಂದರೆ ಭಕ್ತರು ಅವರ ಪಾದ ತೊಳೆದು ಆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಕಲ್ಯಾಣಪ್ಪನವರ ಮನೆ ಅಂಥದೇ ಹಳೆಯ ಭಕ್ತರ ಮನೆ; ಮೂರು ತಲೆಮಾರಿನ ನಂಟು. ಇಂಥ ಮನೆಯ ಹಿರಿಯ ತನ್ನ ಕಾಲನ್ನು ಅಯ್ಯನೋರ ಕೈಗೆ ಕೊಡುವುದೆಂದರೆ ಜೀವ ಹೋದಂತೆಯೇ. ತಾನು ಯಾರ ಪಾದ ಹಿಡಿಯಬೇಕೋ ಅವರೇ ತನ್ನ ಪಾದ ಹಿಡಿದರೆ ಆ ಪಾಪ ಏಳು ಜನ್ಮಕ್ಕೂ ಬಿಡದು ಎಂಬುದು ಅವರ ನಂಬಿಕೆ.

ಇದು ಮಡಿವಾಳಯ್ಯನವರಿಗೆ ಹೊಸದಲ್ಲ. ಮುಳ್ಳು ತುಳಿದವರು, ಚೇಳು ಕಡಿಸಿಕೊಂಡವರು, ಬೈಕಿನಿಂದ ಬಿದ್ದು ಮೊಣಕಾಲು ಕಿತ್ತುಕೊಂಡವರು, ಭಕ್ತರ ಮನೆಯವರಾದರೆ ಇವರನ್ನು ಕಂಡ ಕೂಡಲೇ ಕಾಲು ಮಡಚುತ್ತಾರೆ. ರಕ್ತ ಸುರಿಯುತ್ತಿದ್ದರೂ ಸರಿ. "ನನ್ನ ಕಂಡ್ರ ಪೇಶಂಟ್ ಎದ್ದು ಕೂಡ್ತಾರ ರೀ" ಎಂದು ನಗುತ್ತಾರೆ ಅವರು. "ಡಾಕ್ಟರ್ ಅಂತಾರ, ಬ್ರದರ್ ನಿಮ್ಮ ಕೈಗುಣ ಭಾಳ ಛಲೋ ಅದ, ಮುಟ್ಟೋದ್ರೊಳಗ ಎದ್ದು ಕೂತಾರಲ್ಲ ಅಂತ."

ಅಲ್ಲ, ಅಯ್ಯನೋರ ಮನೆಯ ಹುಡುಗ ನರ್ಸ್ ಆಗುವುದೆಂದರೇನು? ಆಗ ಇಡೀ ಊರೇ ಮೂಗು ಮುರಿಯಿತು. ಉದಗೀರಿನಲ್ಲಿ ಕಾಲೇಜು ಓದಲು ಹೋದವನು ಅಲ್ಲಿಯೇ ನರ್ಸಿಂಗ್ ಕೋರ್ಸು ಸೇರಿದ ಸುದ್ದಿ ಊರಿಗೆ ಬಂದದ್ದು ಆರು ತಿಂಗಳು ತಡವಾಗಿ. ಅಷ್ಟು ದಿನ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಸೋಮೇಶ್ವರಯ್ಯನವರು ಬೈಯಲಿಲ್ಲ, ಹೊಡೆಯಲಿಲ್ಲ. "ಪಾದ ತೊಳಿಸಿಕೊಳ್ಳೋ ಮನಿತನ ನಮ್ಮದು. ನೀ ಕಂಡವರ ಕಾಲ ತೊಳಿಯೋ ನೌಕರಿ ಹಿಡದಿ" ಎಂದರು. ಅಂದಿನಿಂದ ಮಗನ ಕೆಲಸದ ಮಾತು ಮನೆಯಲ್ಲಿ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಇವರು ಮಾಡುವುದೆಲ್ಲ ಒಂದೊಂದಾಗಿ ಊರಿಗೆ ತಿಳಿದಂತೆ ಎರಡು ಮನೆಯವರು ಶ್ರಾವಣದ ಪೂಜೆಗೆ ಇವರನ್ನು ಕರೆಯುವುದನ್ನೇ ಬಿಟ್ಟರು. "ಹೋಳಿಗಿ ತಪ್ಪಿತು, ಹೊಟ್ಟಿ ಕರಗಿತು, ಒಳ್ಳೇದೇ ಆಯ್ತು" ಎನ್ನುವ ಮಡಿವಾಳಯ್ಯ, ತಂದೆಯ ಮಾತು ಬಂದಾಗ ಮಾತ್ರ ನಗುವುದಿಲ್ಲ.

ನಗದೇ ಹೇಳುವ ಇನ್ನೊಂದು ಮಾತೂ ಇದೆ. ನೌಕರಿಯ ಎರಡನೆಯ ವರ್ಷ ಅವರು ನಿಲಂಗಾದ ಒಂದು ಖಾಸಗಿ ದವಾಖಾನೆಯಲ್ಲಿದ್ದರು. ಒಂದು ಬೆಳಗ್ಗೆ ಅಮೃತಪ್ಪ ಎಂಬ ನಲವತ್ತರ ಗಂಡಸು ಹೊಟ್ಟೆನೋವು ಎಂದು ಬಂದ. ತಂದೆಯ ಭಕ್ತರ ಮನೆಯವನೇ. ಮಡಿವಾಳಯ್ಯ ಹತ್ತಿರ ಹೋದರು, ಅವನು ಕಾಲು ಮಡಚಿದ. ಅವನಿಗೆ ಮುಜುಗರವಾಗಬಾರದೆಂದು ಇವರು ಬಾಗಿಲು ದಾಟಿ ಹೊರಗೆ ನಿಂತು, ಒಳಗಿದ್ದ ಕಸ ಗುಡಿಸುವವನಿಗೆ ಸ್ವಲ್ಪ ಕಾಲು ನೋಡಪ್ಪ ಎಂದರು. ಅವನು ಮೀನಖಂಡ ನೋಡಿದ, ಹಿಮ್ಮಡಿ ನೋಡಿದ, ಏನೂ ಇಲ್ಲ ಎಂದ. ಡಾಕ್ಟರು ಗುಳಿಗೆ ಬರೆದುಕೊಟ್ಟು ಕಳಿಸಿದರು. ಮಧ್ಯಾಹ್ನಕ್ಕೆ ಅಮೃತಪ್ಪ ತೀರಿಕೊಂಡ ಸುದ್ದಿ ಬಂತು. ಮೈ ತೊಳೆಸುವಾಗ ಕಾಲ್ಬೆರಳ ಸಂದಿಯಲ್ಲಿ ಎರಡು ಚುಕ್ಕಿ ಕಂಡವಂತೆ.

"ಆಗ ನನಗ ಮರ್ಯಾದಿ ದೊಡ್ಡದು ಅನಸ್ತಿತ್ತು" ಎನ್ನುತ್ತಾರೆ ಮಡಿವಾಳಯ್ಯ. "ಅಂವಾ ಕಾಲ ಮಡಚಿದಾ, ನಾ ಹೊರಗ ಹೋದೆ. ಅಂವಾನೂ ಒಳ್ಳೇವ, ನಾನೂ ಒಳ್ಳೇವ. ಅಂವಾ ಸತ್ತಾ."

ಈಗ ಕಲ್ಯಾಣಪ್ಪ ಅದೇ ಹೊಟ್ಟೆನೋವು ಹೇಳುತ್ತ, ಹಾಗೆಯೇ ಕಾಲು ಮಡಚಿಕೊಂಡು ಮುಂದೆ ಕೂತಿದ್ದಾರೆ.

ಡ್ಯೂಟಿ ಡಾಕ್ಟರ್ ಧನಶ್ರೀಗೆ ಇಪ್ಪತ್ತೇಳು ವರ್ಷ. ಲಾತೂರಿನಿಂದ ಇಲ್ಲಿಗೆ ಬಂದು ಮೂರು ತಿಂಗಳಾಗಿದೆ, ಕನ್ನಡ ಕಿವಿಗೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ಅವರೂ ಬಂದು ನೋಡುತ್ತಾರೆ. ಅವರಿಗಾಗಿ ಕಲ್ಯಾಣಪ್ಪ ಒಂದು ಅಂಗಾಲನ್ನು ಅರೆಗಳಿಗೆ ಹೊರಗೆ ತೋರಿಸಿ ಮತ್ತೆ ಒಳಗೆ ಎಳೆದುಕೊಳ್ಳುತ್ತಾರೆ. ಅಯ್ಯನೋರು ಎದುರಿಗೇ ನಿಂತಿದ್ದಾರಲ್ಲ. ಡಾಕ್ಟರ್ ಬ್ರದರನ್ನು ಪಕ್ಕಕ್ಕೆ ಕರೆದು ಮರಾಠಿಯಲ್ಲಿ ಕೇಳುತ್ತಾರೆ: ಹಾವು ಯಾರೂ ನೋಡಿಲ್ಲ, ಗಾಯ ಇಲ್ಲ, ವಯಸ್ಸಾದವರು, ಪಾರ್ಶ್ವವಾಯುವೂ ಆಗಿರಬಹುದು. ಹಾವಿನ ಔಷಧಿಯೇ ಕೆಲವರ ಮೈಗೆ ಒಗ್ಗದೆ ರಕ್ತದೊತ್ತಡ ಕುಸಿಯುತ್ತದೆ. ಬರೀ ಅನುಮಾನದ ಮೇಲೆ ಹತ್ತು ಬಾಟಲಿ ಹೇಗೆ ಏರಿಸಲಿ?

ಕೇಳಿದ್ದು ತಪ್ಪಲ್ಲ. ಕ್ಯಾಜುಲ್ಟಿಯಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ. ಕೊಡುವುದೋ ಬಿಡುವುದೋ ಎಂದು ನಿರ್ಧಾರ ಮಾಡುವುದು ಡಾಕ್ಟರು. ಬತ್ತಿದ ಕೈಯಲ್ಲೂ ನರ ಹುಡುಕಿ ಸೂಜಿ ಹಾಕುವುದು ಸಿಸ್ಟರ್ ಸೋನಾಲಿ. ಅವರಿಗೆ ಸಿಗದ ನರ ಆ ಮನುಷ್ಯನಿಗೇ ಇಲ್ಲ ಎಂದು ಇಲ್ಲಿ ತಮಾಷೆ ಮಾಡುತ್ತಾರೆ. ಎಲ್ಲರೂ ಮಾವಶಿ ಎಂದು ಕರೆಯುವ ಆಯಾ ಸುಮನಬಾಯಿ ನೆಲ ಒರೆಸುತ್ತಾರೆ, ಗಾಲಿಮಂಚ ತಳ್ಳುತ್ತಾರೆ. ಒಳಗೆ ನುಗ್ಗುವ ಇಪ್ಪತ್ತು ಮಂದಿ ನೆಂಟರನ್ನು ಒಂದೇ ಮಾತಿಗೆ ಹೊರಗೆ ಹಾಕುವ ತಾಕತ್ತು ಇರುವುದೂ ಅವರೊಬ್ಬರಿಗೇ. ದಿನಕ್ಕೆ ಅರವತ್ತರಿಂದ ಎಪ್ಪತ್ತು ಮಂದಿ, ಸಂತೆಯ ದಿನ ತೊಂಬತ್ತು, ಹೋದ ಮಳೆಗಾಲದ ನಾಲ್ಕು ತಿಂಗಳಲ್ಲಿ ಹಾವು ಕಡಿದವರೇ ಅರವತ್ತೊಂದು. ಇವರೆಲ್ಲರನ್ನೂ ಬಾಗಿಲಲ್ಲಿ ಮೊದಲು ನೋಡಿ, ಯಾರು ಕಾಯಬಹುದು, ಯಾರು ಕಾಯಲಾರರು ಎಂದು ಬೇರೆ ಮಾಡಿ ಹೇಳುವುದು ಮಡಿವಾಳಯ್ಯನವರ ಕೆಲಸ. ಮಾತಾಡಲು ಆಗುವವರು ಕಾಯಲಿ, ಮಾತು ನಿಂತವರು ಒಳಗೆ ಬರಲಿ ಎಂಬುದು ಅವರ ಲೆಕ್ಕಾಚಾರ.

ಕಲ್ಯಾಣಪ್ಪನವರ ಮಾತು ಈಗ ದಪ್ಪವಾಗತೊಡಗಿದೆ. 'ನೀರು' ಎಂದದ್ದು 'ನೀಯು' ಎಂದು ಕೇಳಿಸುತ್ತದೆ.

"ಬ್ರದರ್, ನೀವು ಹೊರಗ ಹೋಗ್ರಿ, ನಾ ನೋಡ್ತೀನಿ" ಎನ್ನುತ್ತಾರೆ ಸುಮನಬಾಯಿ, ಇವರ ಕಷ್ಟ ಬಲ್ಲವರು. ಇಪ್ಪತ್ತೈದು ವರ್ಷದ ಹಿಂದೆಯಾಗಿದ್ದರೆ ಮಡಿವಾಳಯ್ಯ ಹೋಗುತ್ತಿದ್ದರು. ಈಗ ಹೋಗುವುದಿಲ್ಲ. ಮಣ್ಯಾರದ ಹಲ್ಲಿನ ಗುರುತು ನೋಡಿ ಪಳಗಿದ ಕಣ್ಣು ಆ ಕೋಣೆಯಲ್ಲಿ ಇವರದೊಂದೇ. ಮಂಚದ ತುದಿಗೆ ಹೋಗಿ ನಿಂತು ಧೋತರದ ಅಂಚಿಗೆ ಕೈ ಹಾಕುತ್ತಾರೆ.

"ಬ್ಯಾಡ್ರಿ ಅಯ್ಯನೋರ" ಎಂದು ಕಲ್ಯಾಣಪ್ಪ ಎರಡೂ ಕೈಯಿಂದ ಬಟ್ಟೆ ಹಿಡಿಯುತ್ತಾರೆ. "ನನ್ನ ನರಕಕ್ಕ ಕಳಸಬ್ಯಾಡ್ರಿ. ಸತ್ತ್ರ ಸಾಯ್ತೀನಿ."

"ಕಾಕಾ, ನಮ್ಮ ಅಪ್ಪಾರ ಮಾತು ಯಾವತ್ತಾದ್ರೂ ಮೀರೀರಿ?"

"ಇಲ್ರಿ."

"ಅವರಪ್ಪನ ಮಾತು ನಿಮ್ಮಪ್ಪ ಮೀರಿದ್ನಾ?"

"ಇಲ್ರಿ."

"ಹಂಗಾದ್ರ ಈಗ ಅದೇ ಮನಿ ಅಯ್ಯ ಹೇಳ್ತಾನ, ಕಾಲ ಚಾಚರಿ. ಅಯ್ಯನ ಮಾತು ಮೀರೂದು ದೊಡ್ಡ ಪಾಪೋ, ಕಾಲ ಕೊಡೂದು ದೊಡ್ಡ ಪಾಪೋ, ನೀವೇ ನೋಡ್ರಿ. ಕಾಲ ಹಿಡದಿದ್ದಕ್ಕ ಪಾಪ ಬಂದ್ರ ಅದು ನನಗ ಬರ್ಲಿ."

ಇಪ್ಪತ್ತೇಳು ವರ್ಷದಲ್ಲಿ ಭಕ್ತರ ಮೇಲೆ ಅಯ್ಯನೋರ ಅಧಿಕಾರವನ್ನು ಆಸ್ಪತ್ರೆಯೊಳಗೆ ಅವರು ಎಂದೂ ಚಲಾಯಿಸಿರಲಿಲ್ಲ. ಇಲ್ಲಿ ನಾನು ಬ್ರದರ್ ಅಷ್ಟೇ ಎಂದು ಎಲ್ಲರಿಗೂ ಹೇಳುತ್ತ ಬಂದವರು. ಅಂದು ಬೇರೆ ದಾರಿ ಇರಲಿಲ್ಲ. ಕಲ್ಯಾಣಪ್ಪನವರ ಕಣ್ಣಿನಿಂದ ನೀರು ಬರುತ್ತದೆ, ಅರ್ಧ ಮುಚ್ಚಿದ ರೆಪ್ಪೆಯ ಕೆಳಗಿಂದ. ಆಮೇಲೆ ನಿಧಾನಕ್ಕೆ ಬಲಗಾಲು ಹೊರಗೆ ಬರುತ್ತದೆ, ಅದರ ಹಿಂದೆ ಎಡಗಾಲು.

ಹೊಲದ ಮಣ್ಣು ಇನ್ನೂ ಹತ್ತಿಕೊಂಡಿರುವ ಕಾಲು. ಮಡಿವಾಳಯ್ಯನವರು ಒದ್ದೆ ಅರಳೆಯಿಂದ ಒರೆಸುತ್ತಾರೆ, ಬೆರಳು ಬೆರಳು ಬಿಡಿಸಿ ಬ್ಯಾಟರಿ ಹಿಡಿಯುತ್ತಾರೆ. ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಎರಡು ಚುಕ್ಕಿ. ಸಾಸಿವೆಯಷ್ಟೂ ಇಲ್ಲ. ಗೊತ್ತಿಲ್ಲದವರು ಸೊಳ್ಳೆ ಕಡಿದದ್ದು ಅಂದಾರು.

ಆಗ ಗುರಮ್ಮನವರು ಬಾಯಿ ಬಿಡುತ್ತಾರೆ. "ನಸುಕಿನ್ಯಾಗ ಏನೋ ಚುಚ್ಚಿತು ಅಂದ್ರು ರೀ. ಇಲಿ ಅಂದಕೊಂಡ್ರು. ಜೀಪ್ ಹತ್ತೂವಾಗ ಹೇಳಿದ್ರು, ಅಲ್ಲಿ ಅಯ್ಯನೋರು ಇರ್ತಾರ, ಕಾಲಿನ ಸುದ್ದಿ ತಗೀಬ್ಯಾಡ, ಅವರು ಹಿಡೀತಾರ ಅಂತ." ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಾರೆ. ಸಿಟ್ಟು ಮಾಡುವುದಾದರೆ ಯಾರ ಮೇಲೆ ಮಾಡುವುದು? ಗಂಡನ ಜೀವ ಅವರಿಗೂ ಬೇಕಿತ್ತು, ಗಂಡನ ಮಾತೂ ಬೇಕಿತ್ತು.

ಡಾಕ್ಟರ್ ಧನಶ್ರೀ ಚುಕ್ಕಿಯನ್ನು ನೋಡುತ್ತಾರೆ, ರೆಪ್ಪೆಯನ್ನು ನೋಡುತ್ತಾರೆ. ಮುಂದೆ ಅವರಿಗೆ ಯಾರೂ ಏನೂ ಹೇಳಬೇಕಾಗುವುದಿಲ್ಲ. ಹತ್ತು ಬಾಟಲಿ ಎನ್ನುತ್ತಾರೆ. ಸೋನಾಲಿ ಸಿಸ್ಟರ್ ಎರಡೂ ಕೈಗೆ ಸೂಜಿ ಹಾಕುತ್ತಾರೆ. ಔಷಧಿ ಹನಿಹನಿಯಾಗಿ ಏರತೊಡಗಿದ ಮೇಲೂ ವಿಷ ತನ್ನ ಕೆಲಸ ಬಿಡುವುದಿಲ್ಲ. ಮೊದಲೇ ನರಕ್ಕೆ ಹತ್ತಿದ್ದು ಅಷ್ಟು ಜಲ್ದಿ ಇಳಿಯುವುದಿಲ್ಲ. ಏಳು ಗಂಟೆಯ ಹೊತ್ತಿಗೆ ಕಲ್ಯಾಣಪ್ಪನವರ ಎದೆ ಏಳುವುದು ಕಡಿಮೆಯಾಗುತ್ತದೆ. ಧನಶ್ರೀ ಗಂಟಲೊಳಗೆ ನಳಿಕೆ ಇಳಿಸುತ್ತಾರೆ. ಇಲ್ಲಿಗೆ ಬಂದ ಮೇಲೆ ಒಬ್ಬರೇ ಇಳಿಸಿದ ಎರಡನೆಯ ನಳಿಕೆ. ಒಂದೇ ಸಲಕ್ಕೆ ಸರಿಯಾಗಿ ಕೂರುತ್ತದೆ.

ಉಸಿರಾಟದ ಯಂತ್ರ ಆಸ್ಪತ್ರೆಯಲ್ಲಿ ಇರುವುದು ಒಂದೇ. ಅದರ ಮೇಲೆ ಅಪಘಾತವಾದ ಲಾರಿ ಚಾಲಕನೊಬ್ಬನಿದ್ದಾನೆ. ಅವನನ್ನು ಸೊಲ್ಲಾಪುರಕ್ಕೆ ಸಾಗಿಸಲು ಬೇಕಾದ ದೊಡ್ಡ ಆಂಬುಲೆನ್ಸ್ ಬರುವುದು ಹತ್ತರ ಮೇಲೆ. ಅಲ್ಲಿಯ ತನಕ ಕಲ್ಯಾಣಪ್ಪನವರ ಉಸಿರು ಮಡಿವಾಳಯ್ಯನವರ ಕೈಯಲ್ಲಿ, ಅಕ್ಷರಶಃ. ಚೀಲ ಹಿಚುಕಬೇಕು, ಬಿಡಬೇಕು, ಹಿಚುಕಬೇಕು. ಗಾಬರಿಯಲ್ಲಿ ಜೋರಾಗಿ ಹಿಚುಕಿದರೂ ಕೆಟ್ಟದ್ದು, ದಣಿದು ನಿಧಾನ ಮಾಡಿದರೂ ಕೆಟ್ಟದ್ದು. ಇದಕ್ಕೆ ಅವರದೇ ಒಂದು ಅಳತೆ ಇದೆ. ಮನಸ್ಸಿನಲ್ಲಿ ಒಂದು ಸಲ ಸಾವಕಾಶ 'ಓಂ ನಮಃ ಶಿವಾಯ' ಅನ್ನಬೇಕು, ಮುಗಿದಾಗ ಹಿಚುಕಬೇಕು. ನಿಮಿಷಕ್ಕೆ ಹದಿನಾಲ್ಕು ಸರಿಯಾಗಿ ಬರುತ್ತದೆ. ಸೋನಾಲಿ ಸಿಸ್ಟರಿಗೂ ಸುಮನಬಾಯಿಗೂ ಹಾಗೇ ಕಲಿಸಿದ್ದಾರೆ. ಕೈ ಸೋತಾಗ ಒಬ್ಬರ ಕೈಯಿಂದ ಇನ್ನೊಬ್ಬರು ತೆಗೆದುಕೊಳ್ಳುತ್ತಾರೆ, ಚೀಲ ಮಾತ್ರ ನಿಲ್ಲುವುದಿಲ್ಲ. ಮೂರೂವರೆ ತಾಸು ಹೀಗೇ ನಡೆಯುತ್ತದೆ.

ಪ್ರಾಜಕ್ತಾ ಬಾಗಿಲಿನಿಂದ ಇಣುಕಿ ನೋಡಿ ಕುಸಿದು ಕೂರುತ್ತಾಳೆ. ಮಾವ ಕಣ್ಣು ತೆರೆಯುತ್ತಿಲ್ಲ, ಬೆರಳು ಆಡುತ್ತಿಲ್ಲ, ಎಲ್ಲಾ ಮುಗಿಯಿತೆಂದೇ ಅವಳ ತಿಳುವಳಿಕೆ. ಮಡಿವಾಳಯ್ಯ ಚೀಲ ಹಿಚುಕುತ್ತಲೇ ಕರೆಯುತ್ತಾರೆ. "ಬಾ ತಂಗಿ, ಅಳಬ್ಯಾಡ. ಕಣ್ಣ ಮುಚ್ಚ್ಯಾವ, ಕಿವಿ ಮುಚ್ಚಿಲ್ಲ. ಈ ಹಾವಿನ ಪೇಶಂಟ್‌ಗ ಎಲ್ಲಾ ಕೇಳಸ್ತದ. ಮನಿ ಸುದ್ದಿ ಏನಾದ್ರೂ ಹೇಳು." ಅವಳು ಕಿವಿಯ ಹತ್ತಿರ ಬಗ್ಗಿ, ಏನು ಹೇಳಬೇಕೆಂದು ತೋಚದೆ, "ಮಾವಾರ, ಸೋಯಾಕ್ಕ ಔಷಧ ಹೊಡಸ್ತೀವಿ, ನೀವು ಚಿಂತಿ ಮಾಡಬ್ಯಾಡ್ರಿ" ಎನ್ನುತ್ತಾಳೆ. ಮಡಿವಾಳಯ್ಯನವರೂ ಸುಮ್ಮನಿರುವುದಿಲ್ಲ. "ಕಾಕಾ, ಈಗ ಸೂಜಿ ಚುಚ್ಚತಾರ. ಕಾಕಾ, ಈಗ ಗಂಟಲಿನ್ಯಾಗಿನ ಕಫಾ ತಗೀತೀನಿ, ಕೆಮ್ಮು ಬಂದಂಗ ಆಗ್ತದ. ಕಾಕಾ, ಇನ್ನೊಮ್ಮಿ ಕಾಲ ಹಿಡೀಲತ್ತೀನಿ, ಬಯ್ಯಬ್ಯಾಡ್ರಿ." ಏನೇ ಮಾಡಿದರೂ ಮಾಡುವ ಮೊದಲು ಹೇಳುತ್ತಾರೆ. ಅಲುಗಾಡದೆ ಮಲಗಿದವನನ್ನು ಕಟ್ಟಿಗೆಯಂತೆ ತಿರುಗಿಸುವುದು ಅವರಿಗೆ ಆಗದ ಕೆಲಸ.

ಹತ್ತೂವರೆಗೆ ಚಾಲಕನನ್ನು ಕರೆದೊಯ್ಯುತ್ತಾರೆ, ಕಲ್ಯಾಣಪ್ಪನವರನ್ನು ಯಂತ್ರಕ್ಕೆ ಹಚ್ಚುತ್ತಾರೆ. ಮಡಿವಾಳಯ್ಯನವರ ಬೆರಳು ಆ ದಿನವೆಲ್ಲ ಮಡಚಲು ಬರುವುದಿಲ್ಲ. ಮಧ್ಯಾಹ್ನದ ರೊಟ್ಟಿಯನ್ನು ಸುಮನಬಾಯಿ ಮುರಿದುಕೊಡುತ್ತಾರೆ.

ಮೂರನೆಯ ದಿನ ಕಲ್ಯಾಣಪ್ಪನವರ ಹೆಬ್ಬೆರಳು ಆಡುತ್ತದೆ. ಐದನೆಯ ದಿನ ನಳಿಕೆ ತೆಗೆಯುತ್ತಾರೆ. ಆರನೆಯ ದಿನ ಅವರು ದಿಂಬಿಗೆ ಒರಗಿ ಕೂತು, ಒಡೆದ ದನಿಯಲ್ಲಿ ಮಾತಾಡುತ್ತಾರೆ. "ಎಲ್ಲಾ ಕೇಳಸ್ತಿತ್ತು ರೀ. ಸೋಯಾದ ಸುದ್ದೀನೂ ಕೇಳಿದೆ. ಅಯ್ಯನೋರು ಕಾಲ ಹಿಡದು ಬಯ್ಯಬ್ಯಾಡ್ರಿ ಅಂದ್ರು. ಬಯ್ಯಬೇಕಂತ ಭಾಳ ಪ್ರಯತ್ನ ಮಾಡಿದೆ, ನಾಲಿಗಿ ಹೊಳ್ಳಲಿಲ್ಲ." ವಾರ್ಡಿನವರೆಲ್ಲ ನಗುತ್ತಾರೆ. ಗುರಮ್ಮ ಮಾತ್ರ ನಗುವುದಿಲ್ಲ.

ಗುರಮ್ಮನವರ ಚಿಂತೆ ಊರಿನದು. ಗುಂಜೋಟಿಯಲ್ಲಿ ಸುದ್ದಿ ಆಗಲೇ ಹಬ್ಬಿದೆ. ಅಯ್ಯನೋರ ಕೈಯಲ್ಲಿ ಕಾಲು ಹಿಡಿಸಿಕೊಂಡ ಮನೆ ಎಂದು ಯಾರೋ ಆಡಿದ್ದಾರೆ. ಯಾವ ಪ್ರಾಯಶ್ಚಿತ್ತ ಮಾಡಿಸಬೇಕೋ ಎಂದು ಅವರು ಹಗಲೆಲ್ಲ ಕೊರಗುತ್ತಾರೆ. ಮಡಿವಾಳಯ್ಯನವರಿಗೂ ಅದೇ ಸುದ್ದಿಯ ಚಿಂತೆ, ಕಾರಣ ಬೇರೆ. ಇದು ಪಾಪದ ಕತೆಯಾಗಿ ಊರೂರು ತಿರುಗಿದರೆ ನಾಳೆ ಹಾವು ಕಡಿಸಿಕೊಂಡವನು ಇತ್ತ ಬರುವುದೇ ಇಲ್ಲ. ಬಂದರೂ ಕಲ್ಯಾಣಪ್ಪನವರಂತೆ ಮುಚ್ಚಿಡುತ್ತಾನೆ. "ಒಬ್ಬರನ ಉಳಿಸಿ ಹತ್ತ ಮಂದೀನ ಓಡಿಸಿದಂಗ ಆಗಬಾರದಲ್ಲ ರೀ" ಎನ್ನುತ್ತಾರೆ.

ಏಳನೆಯ ದಿನ ಬ್ಯಾರೇ ಯಾರೂ ಅಲ್ಲ, ಸೋಮೇಶ್ವರಯ್ಯನವರೇ ಆಸ್ಪತ್ರೆಗೆ ಬರುತ್ತಾರೆ. ತಮ್ಮ ಹಳೆಯ ಭಕ್ತನನ್ನು ನೋಡಲು. ಮಗ ಇಲ್ಲಿ ನೌಕರಿಗೆ ಸೇರಿದಂದಿನಿಂದ ಈ ಕಟ್ಟಡದೊಳಗೆ ಕಾಲಿಟ್ಟವರಲ್ಲ. ಮಡಿವಾಳಯ್ಯ ಆ ಹೊತ್ತಿಗೆ ಕ್ಯಾಜುಲ್ಟಿಯಲ್ಲಿ ತಲೆ ಒಡೆದುಕೊಂಡು ಬಂದ ಹುಡುಗಿಯೊಬ್ಬಳಿಗೆ ಹೊಲಿಗೆ ಹಾಕಿಸುತ್ತಿದ್ದಾರೆ, ಅವರಿಗೆ ಗೊತ್ತಿಲ್ಲ. ಆದದ್ದನ್ನು ಕಣ್ಣಾರೆ ಕಂಡವರು ಸುಮನಬಾಯಿ.

"ಮುದುಕರು ಕೋಲ ಊರಿಕೊಂಡು ಬಂದ್ರು" ಎಂದು ಅವರು ಹೇಳುತ್ತಾರೆ. "ಗುರಮ್ಮ ಎದ್ದು ಗ್ವಾಡಿಗೆ ಸರದ್ರು, ಈಗ ಏನ್ ಅಂತಾರೋ ಅಂತ. ಅಯ್ಯನೋರು ಕಲ್ಯಾಣಪ್ಪನ ಹಣಿಗೆ ವಿಭೂತಿ ಹಚ್ಚಿದ್ರು. ಆಮ್ಯಾಲ, ಯಾವ ಕಾಲು ಅಂತ ಕೇಳಿದ್ರು. ಕಲ್ಯಾಣಪ್ಪ ಅಂಜಿಕೋತ ಎಡಗಾಲ ತೋರಿಸಿದ್ರು. ಮುದುಕರು ಬೆರಳ ಬಿಡಿಸಿ ನೋಡಿದ್ರು, ನೋಡೇ ನೋಡಿದ್ರು. ಕಾಲ ತಣ್ಣಗಾಗ್ಯಾದಲ್ಲೋ ಅಂತ ಚಾದರ ಎಳದು ಹೊಚ್ಚಿದ್ರು. ಕೈ ತಗೀಲೇ ಇಲ್ಲ ರೀ, ಮಾತಾಡೂ ತನಕ ಕಾಲ ಮ್ಯಾಲೇ ಇತ್ತು. ಪ್ರಾಯಶ್ಚಿತ್ತದ ಸುದ್ದಿ ಗುರಮ್ಮ ತಗದ್ರ, ಜೀವ ಉಳದದ ತಂಗಿ, ಶ್ರಾವಣದಾಗ ನಮ್ಮನ್ನ ಊಟಕ್ಕ ಕರಿ, ನನ್ನ ಮಗನ್ನೂ ಕರಿ ಅಂದ್ರು."

ಹೊಲಿಗೆ ಮುಗಿಸಿ ಕೈ ತೊಳೆಯುತ್ತಿದ್ದ ಮಡಿವಾಳಯ್ಯನವರಿಗೆ ಸುಮನಬಾಯಿ ಇದನ್ನೆಲ್ಲ ಹೇಳುತ್ತಾರೆ. ಅವರು ನಲ್ಲಿ ನಿಲ್ಲಿಸುವುದನ್ನು ಮರೆತು ನಿಲ್ಲುತ್ತಾರೆ. "ಹೌದಾ" ಎನ್ನುತ್ತಾರೆ. ನಲ್ಲಿ ನಿಲ್ಲಿಸಿ, "ನನ್ನ ಮಗ ಅಂದ್ರಾ?" ಎಂದು ಕೇಳುತ್ತಾರೆ. ಅಂದು ಸಂಜೆಯ ಬಸ್ಸಿನಲ್ಲಿ ಅಪ್ಪ ಮಗ ಇಬ್ಬರೂ ಒಂದೇ ಸೀಟಿನಲ್ಲಿ ಯೆಣೆಗೂರಿಗೆ ಹೋದರು. ದಾರಿಯಲ್ಲಿ ಏನು ಮಾತಾಡಿದಿರಿ ಎಂದರೆ ಮಡಿವಾಳಯ್ಯ ಹೇಳುವುದಿಷ್ಟು: "ಮಣ್ಯಾರ ಹಾವಿಂದ ಗುರುತು ಹೆಂಗ ಇರ್ತದ ಅಂತ ಕೇಳಿದ್ರು. ಹೇಳಿದೆ."

ದೊಡ್ಡ ಆಸೆಗಳೇನೂ ಅವರಿಗಿಲ್ಲ. ನಿವೃತ್ತಿಗೆ ಇನ್ನೂ ಐದು ವರ್ಷ. ಅಷ್ಟರೊಳಗೆ ಚುಕ್ಕಿ ಹುಡುಕುವುದನ್ನು ಸೋನಾಲಿ ಸಿಸ್ಟರಿಗೂ ಸುಮನಬಾಯಿಗೂ ಪೂರ್ತಿ ಕಲಿಸಬೇಕು. ಆಸ್ಪತ್ರೆಗೆ ಇನ್ನೊಂದು ಉಸಿರಾಟದ ಯಂತ್ರ ಬಂದರೆ ಬೆರಳಿಗೆ ಆರಾಮ. ಇವೆರಡನ್ನು ಬಿಟ್ಟರೆ, "ಬಂದವರು ಕಾಲ ಮಡಚಬಾರದು ರೀ, ಅಷ್ಟ ಸಾಕು."

ಕಲ್ಯಾಣಪ್ಪ ಮನೆಗೆ ಹೋಗಿ ಹದಿನೈದು ದಿನ. ಬೆಳಗಿನ ಆರೂವರೆ. ಗುಂಜೋಟಿಯಿಂದಲೇ ಒಬ್ಬ ಮುದುಕಿ ಬಂದಿದ್ದಾಳೆ, ಚೇಳು ಕುಟುಕಿದೆ, ನೋವಿಗೆ ಹಲ್ಲು ಕಚ್ಚಿಕೊಂಡಿದ್ದಾಳೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಮಡಿವಾಳಯ್ಯನವರನ್ನು ಕಂಡೊಡನೆ ಮಲಗಿದಲ್ಲಿಂದಲೇ ಕೈ ಮುಗಿಯುತ್ತಾಳೆ. ಅವರು ಎಂದಿನಂತೆ ಮಂಚದ ತುದಿಗೆ ಬಂದು, ಹೇಗೆ ಕೇಳುವುದೆಂದು ಯೋಚಿಸುತ್ತ ನಿಲ್ಲುತ್ತಾರೆ. ಬಾಯಿ ತೆರೆಯುವ ಮೊದಲೇ ಆಕಿ ಸೀರೆ ಮೇಲೆ ಸರಿಸಿ, ಕಾಲನ್ನು ಅವರ ಕೈಯ ಹತ್ತಿರಕ್ಕೇ ಚಾಚುತ್ತಾಳೆ.

"ನೋಡ್ರಿ ಅಯ್ಯನೋರ. ಕಲ್ಯಾಣಪ್ಪಗ ಕೇಳಿಯೇ ಬಂದೀನಿ."

ಮಡಿವಾಳಯ್ಯನವರು ಅದನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಕೆಲಸ ಮುಗಿಸಿ, ಆಕೆಯನ್ನು ಒಳಗೆ ಕಳಿಸಿ, ಹೊರಗಿನ ಬೆಂಚಿನ ಮೇಲೆ ಬಂದು ಕೂರುತ್ತಾರೆ. ಕಣ್ಣು ಒರೆಸಿಕೊಳ್ಳುವುದನ್ನು ಯಾರಿಂದಲೂ ಮುಚ್ಚಿಡುವುದಿಲ್ಲ.

"ಇಪ್ಪತ್ತೇಳ ವರ್ಷ ಆಯ್ತು ರೀ" ಎನ್ನುತ್ತಾರೆ. "ನಾ ಕೇಳದೇ ಬಂದ ಭಕ್ತರ ಕಾಲು ಇದು ಮೊದಲನೇದು."